ಮೈದಾನದಲ್ಲಿ ಗೆದ್ದವರು, ಮರೆವಿಗೆ ಸೋತವರು

1936ನೆಯ ಇಸವಿಯಲ್ಲಿ ಅಮೆರಿಕದ ಕ್ರೀಡಾ ಬರಹಗಾರರು ಒಂದು ಅಪೂರ್ವವಾದ ಚುನಾವಣೆಯನ್ನು ನಡೆಸಿದರು. ಆ ದೇಶದವರ ಅಚ್ಚುಮೆಚ್ಚಿನ ಆಟವಾದ ಬೇಸ್‌ಬಾಲಿಗೆ ಒಂದು ಕೀರ್ತಿಮಂದಿರವನ್ನು ಕಟ್ಟಬೇಕೆಂದು ಆಗ ನಿಶ್ಚಯವಾಗಿತ್ತು. ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ ತಲೆಯೆತ್ತಲಿದ್ದ ಆ ಮಂದಿರದಲ್ಲಿ ಮೊಟ್ಟಮೊದಲು ಯಾರ ಹೆಸರು ನಿಲ್ಲಬೇಕು? ಮತ ನೀಡಿದವರು 226 ಮಂದಿ. ನಾಲ್ಕರಲ್ಲಿ ಮೂರು ಪಾಲು ಮತ ದೊರೆತವರಿಗೆ ಮಾತ್ರ ಪ್ರವೇಶ. ಐವರು ಆಯ್ಕೆಯಾದರು. 222 ಮತಗಳನ್ನು ಪಡೆದ ಟೈ ಕಾಬನು ಮೊದಲಿಗನಾದನು. ಎರಡನೆಯ ಸ್ಥಾನವನ್ನು ಇಬ್ಬರು ಹಂಚಿಕೊಂಡರು. ಬೇಬ್ ರೂತನಿಗೆ 215 ಮತ. ಹೋನಸ್ ವ್ಯಾಗ್ನರನಿಗೂ ಸರಿಯಾಗಿ 215 ಮತ.

ಇದು ನಡೆದು ಸುಮಾರು ತೊಂಬತ್ತು ವರ್ಷಗಳಾದುವು. ಬೇಸ್‌ಬಾಲಿನ ದಾಂಡನ್ನು ಕಣ್ಣಿನಿಂದಲೂ ಕಾಣದವರು ಬೇಬ್ ರೂತನ ಹೆಸರನ್ನು ಕೇಳಿಬಲ್ಲರು. ವ್ಯಾಗ್ನರನನ್ನಾದರೋ ಆ ಆಟದ ಚರಿತ್ರೆಯನ್ನು ಓದಿದವರು ಮಾತ್ರ ಬಲ್ಲರು. ಬಲ್ಲವರ ತಕ್ಕಡಿಯಲ್ಲಿ ಅಂದು ಸಮಸಮವಾಗಿ ತೂಗಿದ ಇಬ್ಬರಲ್ಲಿ ಒಬ್ಬನು ಮನೆಮಾತಾಗಿ ಉಳಿದು ಮತ್ತೊಬ್ಬನು ಮಸುಕಾಗಿ ಹೋದುದೇಕೆ? ಹಿರಿಮೆಯಲ್ಲಿ ಕೊರತೆಯಿಲ್ಲದಿದ್ದರೆ, ಕೊರತೆಯಾದುದು ಯಾವುದರಲ್ಲಿ?

ಉತ್ತರವನ್ನು ಹುಡುಕುವುದಕ್ಕೆ ಮೊದಲು, ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಬೇಸ್‌ಬಾಲಿನ ಪರಿಚಯವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಪಿಚರ್ ಎಂಬ ಎಸೆತಗಾರನು ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ಎದುರಾಳಿಯು ದುಂಡನೆಯ ದಾಂಡಿನಿಂದ ಅದನ್ನು ಬಡಿದು, ಚೌಕದ ಮೂಲೆಗಳಲ್ಲಿರುವ ‘ಬೇಸ್’ಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಿ, ಹೊರಟ ಜಾಗಕ್ಕೇ ಮರಳಿದರೆ ಒಂದು ಓಟ. ಒಂದೇ ಹೊಡೆತದಲ್ಲಿ ಚೆಂಡನ್ನು ಬೇಲಿಯಾಚೆಗೆ ಅಟ್ಟಿದರೆ ಅದು ‘ಹೋಮ್ ರನ್’. ನಮ್ಮ ಸಿಕ್ಸರಿಗೆ ಅಣ್ಣನೆನ್ನಬಹುದು. ಮೂರನೆಯ ಬೇಸಿನವರೆಗೆ ಓಡಿ ನಿಂತರೆ ಅದು ‘ಟ್ರಿಪಲ್’.

ವ್ಯಾಗ್ನರನು ಪಿಟ್ಸ್‌ಬರ್ಗ್ ನಗರದ ತಂಡದವನು. 1900ರಿಂದ 1911ರವರೆಗಿನ ಅವಧಿಯಲ್ಲಿ ಎಂಟು ಸಲ ತನ್ನ ಲೀಗಿನ ಅತ್ಯುತ್ತಮ ಸರಾಸರಿ ಅವನದಾಗಿತ್ತು. ಅಂಥವನ ಹೆಸರು ಈಗ ವೃತ್ತಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಮುಖ್ಯವಾಗಿ ಒಂದು ಚೂರು ರಟ್ಟಿನ ದೆಸೆಯಿಂದ! 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯು ಸಿಗರೇಟು ಪೊಟ್ಟಣಗಳೊಳಗೆ ಆಟಗಾರರ ಚಿತ್ರವಿರುವ ಸಣ್ಣ ಕಾರ್ಡುಗಳನ್ನು ಇಟ್ಟು ಮಾರುತ್ತಿತ್ತು. ವ್ಯಾಗ್ನರನ ಕಾರ್ಡಿನ ಮುದ್ರಣ ಬಹುಬೇಗ ನಿಂತಿತು. ಮಕ್ಕಳು ತನ್ನ ಚಿತ್ರದ ಆಸೆಗೆ ತಂಬಾಕು ಕೊಳ್ಳುವುದು ಆತನಿಗೆ ಹಿಡಿಸಲಿಲ್ಲವೆಂದು ಕೆಲವರೂ, ತನ್ನ ಚಿತ್ರಕ್ಕೆ ತಕ್ಕ ಹಣ ದೊರೆಯಲಿಲ್ಲವೆಂದು ಮುನಿದನೆಂದು ಕೆಲವರೂ ಹೇಳುತ್ತಾರೆ. ಹೇಗಾದರೂ ಇರಲಿ, ಇಂದು ಉಳಿದಿರುವುವು ಸುಮಾರು ಅರವತ್ತು ಪ್ರತಿಗಳು ಮಾತ್ರ. 2022ರಲ್ಲಿ ಅಂಥದೊಂದು ಕಾರ್ಡು 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಆತನ ಆಟವನ್ನು ಕಂಡವರು ಯಾರೂ ಉಳಿದಿಲ್ಲ. ಆತನ ಚಿತ್ರದ ಬೆಲೆಯನ್ನು ಕೇಳಿ ಬೆರಗಾಗುವವರು ಬೇಕಾದಷ್ಟು ಮಂದಿ ಇದ್ದಾರೆ.

ಅಳತೆಗೋಲು ಬದಲಾದಾಗ

ಮರೆವಿಗೆ ಮೊದಲನೆಯ ಕಾರಣವು ಆಟದ ಒಳಗೇ ಅಡಗಿದೆ. 1884ರಲ್ಲಿ ಪ್ರಾವಿಡೆನ್ಸ್ ನಗರದ ತಂಡಕ್ಕೆ ಚಾರ್ಲ್ಸ್ ರಾಡ್‌ಬರ್ನ್ ಎಂಬ ಎಸೆತಗಾರನಿದ್ದನು. ಋತುವಿನ ನಡುವೆ ಜೊತೆಗಾರನೊಬ್ಬನು ತಂಡವನ್ನು ಬಿಟ್ಟುಹೋದುದರಿಂದ, ಉಳಿದ ಪಂದ್ಯಗಳ ಭಾರವೆಲ್ಲ ಬಹುಮಟ್ಟಿಗೆ ಇವನೊಬ್ಬನ ತೋಳಿನ ಮೇಲೆ ಬಿತ್ತು. ಬೆಳಿಗ್ಗೆ ತಲೆ ಬಾಚಿಕೊಳ್ಳುವುದಕ್ಕೂ ಕೈ ಮೇಲೇಳುತ್ತಿರಲಿಲ್ಲವೆಂದು ಅವನ ವಿಷಯದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಆ ಒಂದೇ ವರ್ಷ ಅವನು ಗೆದ್ದುಕೊಟ್ಟ ಪಂದ್ಯಗಳು 59. ಕೆಲವರ ಲೆಕ್ಕದಲ್ಲಿ 60. ಒಂದು ಪಂದ್ಯದ ಗೆಲುವು ಇವನಿಗೆ ಸಲ್ಲಬೇಕೋ ಜೊತೆಗಾರನಿಗೆ ಸಲ್ಲಬೇಕೋ ಎಂಬ ಜಿಜ್ಞಾಸೆ ಉಳಿದುಬಂದಿದೆ.

ಇಂದು ಒಂದು ಋತುವಿನಲ್ಲಿ 20 ಪಂದ್ಯಗಳನ್ನು ಗೆದ್ದ ಎಸೆತಗಾರನೇ ದೊಡ್ಡವನು. ಆದಕಾರಣ 59 ಎಂಬ ಅಂಕಿಯನ್ನು ಕೇಳಿದ ಇಂದಿನ ಅಭಿಮಾನಿಗೆ ಮೆಚ್ಚುಗೆಗಿಂತ ಸಂಶಯವೇ ಮೊದಲು ಹುಟ್ಟುತ್ತದೆ. ಸಂಶಯಕ್ಕೆ ಆಧಾರವೂ ಇಲ್ಲದಿಲ್ಲ. ರಾಡ್‌ಬರ್ನನು ಎಸೆಯುತ್ತಿದ್ದುದು 50 ಅಡಿಗಳ ದೂರದಿಂದ; 60 ಅಡಿ 6 ಅಂಗುಲದ ಈಗಿನ ದೂರವು ಗೊತ್ತಾದುದು 1893ರಲ್ಲಿ. 1887ಕ್ಕೆ ಮೊದಲು ದಾಂಡು ಹಿಡಿದವನು ತನಗೆ ಚೆಂಡು ಎತ್ತರದಲ್ಲಿ ಬರಬೇಕೋ ತಗ್ಗಿನಲ್ಲಿ ಬರಬೇಕೋ ಎಂದು ಮುಂಚಿತವಾಗಿಯೇ ಹೇಳಬಹುದಾಗಿತ್ತು. ಚೆಂಡು ಹಿಡಿಯುವವರಲ್ಲಿ ಅನೇಕರು ಬರಿಗೈಯಲ್ಲೇ ನಿಲ್ಲುತ್ತಿದ್ದರು. ಹೆಸರು ಒಂದೇ ಆದರೂ ಆಟ ಬೇರೆ. ಹಳೆಯ ಸೇರಿನ ಲೆಕ್ಕವನ್ನು ಹೊಸ ಲೀಟರಿನವನ ಮುಂದೆ ಹೇಳಿದಂತಾಯಿತು. ಅವನು ತಲೆದೂಗಿ ಸುಮ್ಮನಾಗುತ್ತಾನೆ.

ಹೋಮ್ ರನ್ನಿನ ಕಥೆಯೂ ಹೀಗೆಯೇ. ಫ್ರ್ಯಾಂಕ್ ಬೇಕರ್ ಎಂಬವನಿಗೆ ‘ಹೋಮ್ ರನ್ ಬೇಕರ್’ ಎಂದೇ ಬಿರುದು. 1913ರಲ್ಲಿ ತನ್ನ ಲೀಗಿಗೆಲ್ಲ ಹೆಚ್ಚಿನ ಹೋಮ್ ರನ್ನುಗಳನ್ನು ಹೊಡೆದವನು ಅವನೇ. ಎಷ್ಟು? ಹನ್ನೆರಡು! ಆ ಕಾಲದಲ್ಲಿ ಒಂದೇ ಚೆಂಡು ಮಣ್ಣು ಮೆತ್ತಿ, ಮೆತ್ತಗಾಗಿ, ಕಪ್ಪಾಗುವವರೆಗೂ ಆಟದಲ್ಲಿರುತ್ತಿತ್ತು. ಎಸೆತಗಾರನು ಅದಕ್ಕೆ ಉಗುಳು ಹಚ್ಚಿ ಎಸೆಯುವುದಕ್ಕೂ ಅಡ್ಡಿಯಿರಲಿಲ್ಲ. 1920ರಲ್ಲಿ ಉಗುಳಿನ ಎಸೆತಕ್ಕೆ ನಿಷೇಧ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ರೇ ಚಾಪ್‌ಮನ್ ಎಂಬ ಆಟಗಾರನು ತಲೆಗೆ ಚೆಂಡು ಬಡಿದು ಸತ್ತನು. ಅಂದಿನಿಂದ ಕೊಳೆಯಾದ ಚೆಂಡನ್ನು ತೆಗೆದುಹಾಕಿ ಬಿಳಿಯ ಚೆಂಡನ್ನು ಕೊಡುವ ಪದ್ಧತಿ ಬಲವಾಯಿತು. ಆ ವರ್ಷವೇ ನ್ಯೂಯಾರ್ಕಿಗೆ ಬಂದು ಸೇರಿದ ಬೇಬ್ ರೂತನು 54 ಹೋಮ್ ರನ್ನುಗಳನ್ನು ಹೊಡೆದು ದೇಶವನ್ನೇ ಮರುಳುಮಾಡಿದನು. ಬೇಲಿಯಾಚೆಗೆ ಚೆಂಡು ಹಾರುವುದನ್ನು ಕಂಡ ಜನಕ್ಕೆ, ಅಲ್ಲಿಯವರೆಗೆ ಮೆಚ್ಚಿದ್ದ ಓಟದ ಚಾತುರ್ಯವೂ ಸೂಕ್ಷ್ಮವಾದ ಹೊಡೆತಗಳೂ ಸಪ್ಪೆಯಾದುವು.

ಈ ಬದಲಾವಣೆಯಲ್ಲಿ ನಷ್ಟಹೊಂದಿದವರಲ್ಲಿ ಸ್ಯಾಮ್ ಕ್ರಾಫರ್ಡನೂ ಒಬ್ಬನು. 1899ರಿಂದ 1917ರವರೆಗೆ ಆಡಿದ ಈ ಬಲಶಾಲಿಯು 309 ಟ್ರಿಪಲ್‌ಗಳನ್ನು ಹೊಡೆದನು. ಶತಮಾನ ಕಳೆದರೂ ಆ ದಾಖಲೆಯನ್ನು ಮುರಿದವರಿಲ್ಲ. 1908ರಲ್ಲಿ ಅವನ ಹೋಮ್ ರನ್ನುಗಳು ಏಳು ಮಾತ್ರ. ಆದರೂ ಅವನ ಲೀಗಿನಲ್ಲಿ ಆ ವರ್ಷ ಅದೇ ಎಲ್ಲರಿಗಿಂತ ಹೆಚ್ಚು. ಅವನು ಯಾವುದರಲ್ಲಿ ಅದ್ವಿತೀಯನಾಗಿದ್ದನೋ ಅದನ್ನೇ ಲೋಕವು ಎಣಿಸುವುದನ್ನು ಬಿಟ್ಟಿತು.

ಕಂಡವರಿಲ್ಲ, ಕೇಳಿದವರಿಲ್ಲ

ಎರಡನೆಯ ಕಾರಣ, ನೆನಪನ್ನು ಹರಡುವ ಸಾಧನಗಳದು. ಪ್ರಮುಖ ಲೀಗಿನ ಬೇಸ್‌ಬಾಲ್ ಪಂದ್ಯವು ರೇಡಿಯೋದಲ್ಲಿ ಮೊದಲು ಬಿತ್ತರವಾದುದು 1921ರ ಆಗಸ್ಟ್ 5ರಂದು; ಅದೂ ವ್ಯಾಗ್ನರನ ಪಿಟ್ಸ್‌ಬರ್ಗಿನಲ್ಲಿಯೇ. ಆದರೆ ಅವನು ಕೊನೆಯ ಆಟವನ್ನಾಡಿ ಆಗಲೇ ನಾಲ್ಕು ವರ್ಷಗಳಾಗಿದ್ದುವು. ನ್ಯೂಯಾರ್ಕಿನ ಯಾಂಕೀಸ್ ತಂಡದವರು ಅಂಗಿಯ ಬೆನ್ನಿಗೆ ಸಂಖ್ಯೆಗಳನ್ನು ಹೊಲಿಸಿಕೊಂಡುದು 1929ರಲ್ಲಿ. ದೂರದರ್ಶನದಲ್ಲಿ ಮೊದಲ ಬಾರಿಗೆ ಇಂಥ ಪಂದ್ಯ ಕಾಣಿಸಿದುದು 1939ರಲ್ಲಿ. ರೂತನ ಅಂಗಿಯ 3 ಎಂಬ ಸಂಖ್ಯೆಯೂ, ಅವನ ದಾಂಡು ಬೀಸುವ ಭಂಗಿಯೂ, ನಗುವೂ ಚಿತ್ರದಲ್ಲಿ ಉಳಿದುವು. ಹಿಂದಿನವರಿಗೆ ಉಳಿದುದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾದ ಅಂಕಿಗಳ ಕೋಷ್ಟಕ.

ತಂಡವು ಉಳಿದಿದ್ದರೆ ಅದರ ಅಭಿಮಾನಿಗಳಾದರೂ ಅಜ್ಜನಿಂದ ಮೊಮ್ಮಗನಿಗೆ ಕಥೆಯನ್ನು ದಾಟಿಸುತ್ತಾರೆ. ಪಿಟ್ಸ್‌ಬರ್ಗ್ ತಂಡವು ಉಳಿದುದರಿಂದಲೇ 1955ರಲ್ಲಿ ವ್ಯಾಗ್ನರನ ಕಂಚಿನ ಪ್ರತಿಮೆ ಎದ್ದಿತು. ತಂಡವು ಮೈದಾನವನ್ನು ಬದಲಿಸಿದಾಗಲೆಲ್ಲ ಪ್ರತಿಮೆಯೂ ಅದರ ಜೊತೆಗೇ ಹೋಯಿತು. ರಾಡ್‌ಬರ್ನನ ಪ್ರಾವಿಡೆನ್ಸ್ ತಂಡವಾದರೋ ಅವನು ಗೆದ್ದುಕೊಟ್ಟ ಮರುವರ್ಷವೇ, 1885ರಲ್ಲಿ, ಕೊನೆಯ ಋತುವನ್ನಾಡಿ ಮುಚ್ಚಿಹೋಯಿತು. ಅವನನ್ನು ‘ನಮ್ಮವನು’ ಎನ್ನುವವರೇ ಇಲ್ಲವಾದರು. ಅವನೂ 1897ರಲ್ಲಿ, 42ನೆಯ ವಯಸ್ಸಿಗೆ ತೀರಿಕೊಂಡನು.

ಡೀಕನ್ ವೈಟನ ಕಥೆ ಇನ್ನೂ ಮನಮುಟ್ಟುವಂಥದು. 1871ರ ಮೇ 4ರಂದು ವೃತ್ತಿಪರ ಆಟಗಾರರ ಮೊದಲ ಒಕ್ಕೂಟದ ಮೊದಲ ಪಂದ್ಯ ನಡೆದಾಗ, ಮೊಟ್ಟಮೊದಲು ದಾಂಡು ಹಿಡಿದು ನಿಂತವನೂ ಮೊಟ್ಟಮೊದಲ ಸಫಲ ಹೊಡೆತವನ್ನು ಹೊಡೆದವನೂ ಇವನೇ. ಇಪ್ಪತ್ತು ವರ್ಷಗಳ ಕಾಲ ಆಡಿ, 91 ವರ್ಷಗಳ ಮುಪ್ಪಿನವರೆಗೂ ಬದುಕಿದ್ದನು. 1939ರ ಜೂನ್ 12ರಂದು ಕೂಪರ್ಸ್‌ಟೌನಿನ ಕೀರ್ತಿಮಂದಿರವು ವಿಜೃಂಭಣೆಯಿಂದ ತೆರೆಯಿತು. ಅದರೊಳಗೆ ವೈಟನ ಹೆಸರಿರಲಿಲ್ಲ. ಒಂದು ತಿಂಗಳು ತುಂಬುವುದರೊಳಗೆ, ಜುಲೈ 7ರಂದು, ಆ ವೃದ್ಧನು ಕಣ್ಣುಮುಚ್ಚಿದನು. ಅವನಿಗೆ ಅಲ್ಲಿ ಸ್ಥಾನ ದೊರೆತುದು 2013ರಲ್ಲಿ. ಗೌರವವನ್ನು ಸ್ವೀಕರಿಸಲು ಮರಿಮಗನು ಬರಬೇಕಾಯಿತು.

ಹೆಸರನ್ನು ಹೊತ್ತ ಪಲ್ಲಕ್ಕಿ

ಹಾಗಾದರೆ ಹಳಬರಲ್ಲಿ ಉಳಿದವರು ಯಾರೂ ಇಲ್ಲವೇ? ಇದ್ದಾರೆ. ಅವರು ಉಳಿದ ಬಗೆಯನ್ನು ನೋಡಿದರೆ ನೆನಪಿನ ಗುಟ್ಟು ಬಯಲಾಗುತ್ತದೆ.

ಸೈ ಯಂಗ್ ಎಂಬ ಎಸೆತಗಾರನು 1890ರಿಂದ 1911ರವರೆಗೆ 511 ಪಂದ್ಯಗಳನ್ನು ಗೆದ್ದನು. ಇಷ್ಟು ಗೆದ್ದವನು ಇನ್ನೊಬ್ಬನಿಲ್ಲ. ಆದರೂ 1936ರ ಚುನಾವಣೆಯಲ್ಲಿ ಅವನಿಗೆ ಬೇಕಾದಷ್ಟು ಮತಗಳು ಬೀಳಲಿಲ್ಲ! ಅವನ ಆಟವು ಎರಡು ಶತಮಾನಗಳಲ್ಲಿ ಹಂಚಿಹೋಗಿತ್ತು; ಹಳೆಯ ಕಾಲದವರಿಗೆಂದು ಬೇರೊಂದು ಮತದಾನ ನಡೆದುದರಿಂದ ಅವನ ಮತಗಳೂ ಎರಡು ಕಡೆಗೆ ಒಡೆದುವು. ಮರುವರ್ಷ ಅವನು ಆಯ್ಕೆಯಾದನು. 1955ರಲ್ಲಿ ಯಂಗನು ತೀರಿಕೊಂಡ ಮೇಲೆ, 1956ರಿಂದ ವರ್ಷದ ಅತ್ಯುತ್ತಮ ಎಸೆತಗಾರನಿಗೆ ಅವನ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡತೊಡಗಿದರು. ಅಂದಿನಿಂದ ಪ್ರತಿವರ್ಷವೂ ಅವನ ಹೆಸರು ಲಕ್ಷಾಂತರ ಜನರ ನಾಲಗೆಯ ಮೇಲೆ ಹೊರಳುತ್ತಿದೆ. ಯಂಗನನ್ನು ಉಳಿಸಿದುದು 511 ಗೆಲುವುಗಳಲ್ಲ. ಆ ಗೆಲುವುಗಳನ್ನು ಹೊತ್ತು ತಿರುಗುವ ಪ್ರಶಸ್ತಿ.

ಇನ್ನು ಮೂವರು ಒಂದು ಪದ್ಯದ ದೆಸೆಯಿಂದ ಉಳಿದರು. 1910ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಫ್ರ್ಯಾಂಕ್ಲಿನ್ ಆಡಮ್ಸ್ ಎಂಬ ಅಂಕಣಕಾರನು, ಷಿಕಾಗೋ ತಂಡದ ಟಿಂಕರ್, ಎವರ್ಸ್, ಚಾನ್ಸ್ ಎಂಬ ಮೂವರು ಸೇರಿ ಎದುರಾಳಿಗಳನ್ನು ಔಟು ಮಾಡುವ ಪರಿಯನ್ನು ಎಂಟು ಸಾಲುಗಳಲ್ಲಿ ಬರೆದನು. ಅದು ಬಾಯಿಂದ ಬಾಯಿಗೆ ಹರಿಯಿತು. 1946ರಲ್ಲಿ ಮೂವರೂ ಒಟ್ಟಿಗೇ ಕೀರ್ತಿಮಂದಿರವನ್ನು ಸೇರಿದರು. ಇದಕ್ಕಿಂತ ವಿಚಿತ್ರವಾದುದು ಕೇಸಿಯ ಕಥೆ. 1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರಲ್ಲಿ ಅರ್ನೆಸ್ಟ್ ಥೇಯರನು ಬರೆದ ಹಾಸ್ಯ ಪದ್ಯದಲ್ಲಿ, ಕೇಸಿ ಎಂಬ ಜಂಬಗಾರ ಆಟಗಾರನು ನಿರ್ಣಾಯಕ ಗಳಿಗೆಯಲ್ಲಿ ಔಟಾಗಿಬಿಡುತ್ತಾನೆ. ಆ ಕಾಲದ ಆಟಗಾರರಲ್ಲಿ ಇಂದು ಅಮೆರಿಕದ ಶಾಲಾ ಬಾಲಕನಿಗೂ ಪರಿಚಿತನಾದವನು ಈ ಕೇಸಿ. ಅವನಾದರೋ ಹುಟ್ಟಿಯೇ ಇರಲಿಲ್ಲ!

ಕಳಂಕವೂ ಒಂದು ಪಲ್ಲಕ್ಕಿಯೇ. 1919ರಲ್ಲಿ ಷಿಕಾಗೋದ ವೈಟ್ ಸಾಕ್ಸ್ ತಂಡದ ಕೆಲವರು ಜೂಜುಗಾರರಿಂದ ಹಣ ಪಡೆದು ವರ್ಷದ ಅಂತಿಮ ಪಂದ್ಯಮಾಲೆಯನ್ನು ಸೋತುಕೊಟ್ಟರೆಂಬ ಆಪಾದನೆ ಬಂದಿತು. 1921ರಲ್ಲಿ ನ್ಯಾಯಾಲಯವು ಬಿಡುಗಡೆ ಮಾಡಿದರೂ, ಜೋ ಜ್ಯಾಕ್ಸನನೇ ಮೊದಲಾದ ಎಂಟು ಮಂದಿಯನ್ನು ಆಟದಿಂದ ಶಾಶ್ವತವಾಗಿ ಹೊರಗಿಟ್ಟರು. ಜ್ಯಾಕ್ಸನನ ಮೇಲೆ ಪುಸ್ತಕಗಳಾದುವು, ಚಲಚ್ಚಿತ್ರಗಳಾದುವು. 2025ರಲ್ಲಿ ಮೃತರ ಮೇಲಿನ ಬಹಿಷ್ಕಾರವನ್ನು ತೆಗೆದುಹಾಕಿದಾಗ ಅವನ ಹೆಸರು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಅದೇ ತಂಡದಲ್ಲಿ ಅದೇ ಪಂದ್ಯಗಳಲ್ಲಿ ಎಡ್ಡಿ ಕಾಲಿನ್ಸನೂ ಆಡಿದ್ದನು. ಅವನು ಜೂಜುಗಾರರ ಸಹವಾಸಕ್ಕೆ ಹೋದವನಲ್ಲ. 1906ರಿಂದ 1930ರವರೆಗೆ ಆಡಿ 3,300ಕ್ಕೂ ಮೀರಿ ಸಫಲ ಹೊಡೆತಗಳನ್ನು ಹೊಡೆದವನು. ಅವನ ಪ್ರಾಮಾಣಿಕತೆಯ ಮೇಲೆ ಯಾರೂ ಚಲಚ್ಚಿತ್ರವನ್ನು ತೆಗೆಯಲಿಲ್ಲ. ನೆಟ್ಟಗೆ ಬಾಳಿದವನ ಬಾಳಿನಲ್ಲಿ ಕಥೆಗಾರನಿಗೆ ಹಿಡಿದುಕೊಳ್ಳಲು ಕೊಕ್ಕೆಯಿರುವುದಿಲ್ಲ.

ಮರೆತುದಲ್ಲ, ಅಳಿಸಿದುದು

ಇಷ್ಟರವರೆಗೆ ಹೇಳಿದುದು ಕಾಲವು ತಾನಾಗಿ ಮಾಡಿದ ಕೆಲಸ. ಮನುಷ್ಯರು ಬೇಕೆಂದೇ ಮಾಡಿದ ಕೆಲಸವೂ ಒಂದುಂಟು.

1884ರಲ್ಲಿ ಟೊಲೀಡೊ ನಗರದ ತಂಡದಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪುವರ್ಣದ ಆಟಗಾರನು ಪ್ರಮುಖ ಲೀಗಿನಲ್ಲಿ 42 ಪಂದ್ಯಗಳನ್ನಾಡಿದನು. ಹಿಂದಿನ ವರ್ಷ ಒಂದು ಪ್ರದರ್ಶನ ಪಂದ್ಯದಲ್ಲಿ, ಆ ಕಾಲದ ಪ್ರಖ್ಯಾತ ಆಟಗಾರನಾದ ಷಿಕಾಗೋದ ಕ್ಯಾಪ್ ಆನ್ಸನನು ವಾಕರನಿರುವ ಮೈದಾನಕ್ಕೆ ತಾನು ಇಳಿಯುವುದಿಲ್ಲವೆಂದು ಹಟ ಹಿಡಿದಿದ್ದನು. ಅಂದು ಆನ್ಸನನ ಹಟ ಸಾಗಲಿಲ್ಲ, ಮುಂದೆ ಸಾಗಿತು. ಬರಹದಲ್ಲಿಲ್ಲದ ಒಂದು ಒಡಂಬಡಿಕೆಯಿಂದ ಪ್ರಮುಖ ಲೀಗುಗಳ ಬಾಗಿಲು ಕಪ್ಪುವರ್ಣದವರಿಗೆ ಮುಚ್ಚಿತು. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನನು ಬ್ರೂಕ್ಲಿನ್ ತಂಡದ ಪರವಾಗಿ ಇಳಿಯುವವರೆಗೆ ಅದು ತೆರೆಯಲಿಲ್ಲ.

ಹೊರಗುಳಿದವರು ಆಡುವುದನ್ನು ಬಿಡಲಿಲ್ಲ. ತಮ್ಮವೇ ಆದ ‘ನೀಗ್ರೋ ಲೀಗು’ಗಳನ್ನು ಕಟ್ಟಿಕೊಂಡರು. ಅವರಲ್ಲಿ ಅಗ್ರಗಣ್ಯನಾದವನು ಜಾಷ್ ಗಿಬ್ಸನ್. ಅವನ ಹೋಮ್ ರನ್ನುಗಳ ದೂರವನ್ನು ನೋಡಿದವರು ಬಾಯಿತುಂಬ ವರ್ಣಿಸುತ್ತಿದ್ದರು. ಆದರೆ ಅವನ ಆಟದ ವರದಿಗಳು ಅಚ್ಚಾಗುತ್ತಿದ್ದುದು ಮುಖ್ಯವಾಗಿ ಕಪ್ಪುಜನರು ನಡೆಸುತ್ತಿದ್ದ ವಾರಪತ್ರಿಕೆಗಳಲ್ಲಿ. ದೊಡ್ಡ ಪತ್ರಿಕೆಗಳಿಗೆ ಅದು ಸುದ್ದಿಯಾಗಿರಲಿಲ್ಲ. 1947ರ ಜನವರಿಯಲ್ಲಿ, ರಾಬಿನ್ಸನನಿಗೆ ಬಾಗಿಲು ತೆರೆಯಲು ಮೂರು ತಿಂಗಳಷ್ಟೇ ಉಳಿದಿರುವಾಗ, ಗಿಬ್ಸನನು 35ನೆಯ ವಯಸ್ಸಿಗೆ ಮಡಿದನು. ವ್ಯಾಗ್ನರನನ್ನು ಜನರು ಮರೆತರು ಎನ್ನಬಹುದು. ಗಿಬ್ಸನನನ್ನು ಮರೆತರೆನ್ನುವುದು ಸರಿಯಲ್ಲ. ದೇಶದ ಬಹುಪಾಲು ಜನರು ಅವನನ್ನು ನೆನೆಯುವುದಕ್ಕೆ ಅವಕಾಶವೇ ಇರಲಿಲ್ಲ.

ನೆನಪನ್ನು ಹುಡುಕಿ ಹೊರಟವರು

ಕಾಲವು ಕಳೆದುದನ್ನೂ ಮನುಷ್ಯರು ಅಳಿಸಿದುದನ್ನೂ ಮರಳಿ ತರುವುದು ಸಾಧ್ಯವೇ? ಸ್ವಲ್ಪಮಟ್ಟಿಗೆ ಸಾಧ್ಯವೆಂದು ತೋರಿಸಿಕೊಟ್ಟವರಿದ್ದಾರೆ.

1961ರಲ್ಲಿ ಟೈ ಕಾಬನು ತೀರಿಕೊಂಡನು. ಹಳೆಯ ತಲೆಗಳು ಒಂದೊಂದಾಗಿ ಉರುಳುತ್ತಿರುವುದನ್ನು ಕಂಡು ಲಾರೆನ್ಸ್ ರಿಟರ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕನಿಗೆ ಕಳವಳವಾಯಿತು. ಧ್ವನಿಮುದ್ರಣ ಯಂತ್ರವೊಂದನ್ನು ಹೊತ್ತು, ಬದುಕಿರುವ ಹಳೆಯ ಆಟಗಾರರನ್ನು ಹುಡುಕಿಕೊಂಡು ಅವನು ದೇಶವನ್ನೆಲ್ಲ ಸುತ್ತಿದನು. ಸ್ಯಾಮ್ ಕ್ರಾಫರ್ಡನನ್ನು ಅರಸಿ ಕ್ಯಾಲಿಫೋರ್ನಿಯದ ಕಡಲತೀರದ ಊರೊಂದಕ್ಕೆ ಹೋದಾಗ ಅಲ್ಲಿ ಯಾರಿಗೂ ಅವನ ಮನೆ ಗೊತ್ತಿರಲಿಲ್ಲ. ದಿನಗಳು ಕಳೆದುವು. ಕೊನೆಗೆ ಬಟ್ಟೆ ಒಗೆಯುವ ಯಂತ್ರಗಳಿರುವ ಅಂಗಡಿಯಲ್ಲಿ ಕುಳಿತು, ಪಕ್ಕದಲ್ಲಿದ್ದ ಮುದುಕನೊಡನೆ ಮಾತಿಗೆ ತೊಡಗಿ, ಕ್ರಾಫರ್ಡನೆಂಬ ಆಟಗಾರನ ಹೆಸರನ್ನು ಕೇಳಿದ್ದೀರಾ ಎಂದು ವಿಚಾರಿಸಿದನು. ಕೇಳದೇ ಏನು, ಆ ಕ್ರಾಫರ್ಡನು ತಾನೇ ಎಂದನಂತೆ ಆ ಮುದುಕ! ಸಾವಿರಾರು ಜನ ಎದ್ದುನಿಂತು ಕೂಗುತ್ತಿದ್ದ ಹೆಸರನ್ನು ಹೊತ್ತವನು, ತನ್ನ ಊರಿನಲ್ಲಿಯೇ ಗುರುತಿಲ್ಲದವನಾಗಿ ಬಟ್ಟೆ ಒಗೆಸಿಕೊಂಡು ಕುಳಿತಿದ್ದನು.

ರಿಟರನ ಪುಸ್ತಕವು 1966ರಲ್ಲಿ ಹೊರಬಂದಿತು. ಅದರಲ್ಲಿ ಮುದುಕರೇ ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. ಎರಡು ವರ್ಷಗಳಲ್ಲಿ ಕ್ರಾಫರ್ಡನು ತೀರಿಕೊಂಡನು. ಅವನ ಧ್ವನಿ ಉಳಿಯಿತು. ಪುಸ್ತಕದಲ್ಲಿ ಮಾತನಾಡಿದ ರೂಬ್ ಮಾರ್ಕ್ವರ್ಡ್, ಹ್ಯಾರಿ ಹೂಪರ್ ಎಂಬವರಿಗೆ 1971ರಲ್ಲಿ ಕೀರ್ತಿಮಂದಿರದ ಬಾಗಿಲು ತೆರೆಯಿತು.

ಅದೇ 1966ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಬಿಳಿಯ ಆಟಗಾರನು ಕೂಪರ್ಸ್‌ಟೌನಿನಲ್ಲಿ ತನ್ನ ಸನ್ಮಾನಕ್ಕೆ ಉತ್ತರ ಕೊಡುತ್ತ, ಅವಕಾಶ ಸಿಗದೆ ಹೋದ ಸ್ಯಾಚೆಲ್ ಪೇಜ್ ಹಾಗೂ ಜಾಷ್ ಗಿಬ್ಸನ್ ಇವರಂಥವರಿಗೂ ಇಲ್ಲಿ ಸ್ಥಾನವಿರಬೇಕೆಂದು ನುಡಿದನು. ತನ್ನ ಹೊಗಳಿಕೆಯ ದಿನದಲ್ಲಿ ಇತರರ ಹೆಸರನ್ನು ಎತ್ತಿದ ಆ ಮಾತು ವ್ಯರ್ಥವಾಗಲಿಲ್ಲ. 1971ರಲ್ಲಿ ಪೇಜನೂ 1972ರಲ್ಲಿ ಗಿಬ್ಸನನೂ ಒಳಗೆ ಬಂದರು.

ಆ ಬಳಿಕ ಹಲವು ಸಂಶೋಧಕರು, ಕೂಲಿಯ ಆಸೆಯಿಲ್ಲದೆ, ಹಳೆಯ ವಾರಪತ್ರಿಕೆಗಳನ್ನು ತಿರುವಿಹಾಕಿ ಒಂದೊಂದೇ ಪಂದ್ಯದ ಕೋಷ್ಟಕವನ್ನು ಕೂಡಿಸುತ್ತ ಬಂದರು. 2020ರ ಡಿಸೆಂಬರಿನಲ್ಲಿ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳಿಗೆ ಪ್ರಮುಖ ಲೀಗುಗಳ ಸಮಾನ ಸ್ಥಾನ ದೊರೆಯಿತು. 2024ರ ಮೇ ತಿಂಗಳಿನಲ್ಲಿ, 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ದಾಖಲೆಯನ್ನು ಸೇರಿದುವು. ಬಹುಕಾಲ ಟೈ ಕಾಬನು ಕುಳಿತಿದ್ದ ಪೀಠದ ಮೇಲೆ ಹೊಸ ಹೆಸರು ಕಂಡಿತು: ಜಾಷ್ ಗಿಬ್ಸನ್, ಜೀವಮಾನದ ಸರಾಸರಿ .372, ಎಂದರೆ ಸಾವಿರ ಸಲಕ್ಕೆ 372 ಸಫಲ ಹೊಡೆತ. ಕಾಬನದು .367. ಗಿಬ್ಸನನು ತೀರಿಕೊಂಡು ಆಗ 77 ವರ್ಷಗಳಾಗಿದ್ದುವು.

ಹಿರಿಮೆಯು ತನ್ನಷ್ಟಕ್ಕೆ ತಾನೇ ಉಳಿದುಕೊಳ್ಳುತ್ತದೆಂದು ನಾವು ನಂಬುತ್ತೇವೆ. ಬೇಸ್‌ಬಾಲಿನ ಆದಿಪುರುಷರ ಕಥೆಯು ಹಾಗೆ ಹೇಳುವುದಿಲ್ಲ. ಗೆದ್ದವನು ಗೆದ್ದು ಹೋಗುತ್ತಾನೆ. ಆ ಗೆಲುವನ್ನು ಮುಂದಿನವರಿಗೆ ಮುಟ್ಟಿಸುವ ಕೆಲಸ ಅವನದಲ್ಲ, ನೋಡಿದವರದು, ಕೇಳಿದವರದು, ಬರೆದಿಟ್ಟವರದು. ರಿಟರನು ಕೆಲವು ವರ್ಷ ತಡಮಾಡಿದ್ದರೆ ಕ್ರಾಫರ್ಡನು ಹೇಳಿದುದನ್ನು ಕೇಳುವವರು ಇರುತ್ತಿರಲಿಲ್ಲ. ಡೀಕನ್ ವೈಟನು ತೊಂಬತ್ತೊಂದು ವರ್ಷ ಕಾದಿದ್ದನು. ಅವನ ಬಳಿಗೆ ಯಂತ್ರವನ್ನು ಹೊತ್ತು ಯಾರೂ ಹೋಗಲಿಲ್ಲ.